ಕಡಿಮೆ ಖರ್ಚಲ್ಲಿ ಮನೇಲೇ ಚೆಂದ ಕಾಣೋಕೆ ಏನು ಮಾಡಿದ್ರಿ? ಅನುಭವ ಹೇಳಿ

ಮೊದಲದಿನ:
ಇನ್ನು ಆರು ವಾರಕ್ಕೆ ಹೊಸ ಕೆಲಸಕ್ಕೆ ಸೇರ್ತಿದೀನಿ. ಮೊದಲ ಸಂಬಳ ಕೈಗೆ ಬರೋವರೆಗೂ ಪಾರ್ಲರ್ ಮಾತೇ ಇಲ್ಲ. ಕೆನ್ನೆ ಮೇಲೆ ಹಳೇ ಮೊಡವೆ ಕಲೆ, ಕೂದಲ ತುದಿ ಪೊರಕೆ ಥರ, ಬಟ್ಟೆ ಅಂತ ನೆಟ್ಟಗಿರೋದು ನಾಲ್ಕೇ ಜೊತೆ. ಮನೇಲೇ ಏನೇನು ಮಾಡ್ಕೋಬಹುದು? ಎಲ್ಲೋ ಓದಿದ್ದು ಬೇಡ, ನೀವೇ ಮಾಡಿ ನೋಡಿದ್ದು ಹೇಳಿ.

ನೀಲಿಕೊಡೆ:
ಕಲೆ ಅಂದ ತಕ್ಷಣ ಯಾರಾದ್ರೂ ಬಂದು ನಿಂಬೆಹಣ್ಣು ಅಂತಾರೆ. ಅದಕ್ಕೂ ಮುಂಚೆ ನನ್ನ ಕಥೆ ಕೇಳಿಬಿಡಿ.

ನನಗಿದ್ದದ್ದೂ ಮೊಡವೆ ಕಲೆಯೇ. ಎಡಗೆನ್ನೇಲಿ ನಾಲ್ಕು, ಬಲಗೆನ್ನೇಲಿ ಎರಡು. ಮೊದಲು ಅಡುಗೆ ಸೋಡಾ ಕಲಸಿ ವಾರಕ್ಕೆ ಮೂರು ಸಲ ಉಜ್ಜಿದೆ. ಎರಡು ವಾರ ಮುಖ ನುಣುಪಾಯ್ತು ಅಂತ ಖುಷಿ. ಮೂರನೇ ವಾರ ಬರೀ ನೀರು ಬಿದ್ರೂ ಉರಿ. ಸೋಡಾ ಬಿಟ್ಟು ನಿಂಬೆರಸಕ್ಕೆ ಬಂದೆ. ರಾತ್ರಿ ಹಚ್ಚಿ ತೊಳೀತಿದ್ದೆ. ಒಂದು ಭಾನುವಾರ ಬೆಳಿಗ್ಗೆ ಹಚ್ಕೊಂಡು ಹಾಗೇ ಮಹಡಿ ಮೇಲೆ ಬಟ್ಟೆ ಒಣಹಾಕೋಕೆ ಹೋದೆ. ಮುಕ್ಕಾಲು ಗಂಟೆ ಇದ್ದಿರಬಹುದು.

ಆವತ್ತು ಏನೂ ಆಗಲಿಲ್ಲ. ಸೋಮವಾರ ಸಂಜೆ ಕೆಂಪಾಯ್ತು. ಬುಧವಾರ ಬೆಳಿಗ್ಗೆ ಗುಳ್ಳೆ. ರಸ ಕೆನ್ನೆಯಿಂದ ಕುತ್ತಿಗೆಗೆ ಇಳಿದಿತ್ತಲ್ಲ, ಸರಿಯಾಗಿ ಅದೇ ದಾರೀಲಿ ಗುಳ್ಳೆ ಸಾಲು, ಬೆರಳಲ್ಲಿ ಗೆರೆ ಎಳೆದ ಹಾಗೆ. ಗುಳ್ಳೆ ಒಣಗಿದ ಮೇಲೆ ಆ ಗೆರೆ ಕಂದು ಬಣ್ಣಕ್ಕೆ ತಿರುಗಿ ಐದು ತಿಂಗಳು ಕೂತಿತ್ತು. ನಿಂಬೆ ಜಾತಿ ಹಣ್ಣಲ್ಲಿ ಫ್ಯುರಾನೋಕೌಮರಿನ್ ಅಂತ ಇರುತ್ತೆ, ಅದು ಚರ್ಮದ ಮೇಲಿದ್ದಾಗ ಬಿಸಿಲಿನ ಅತಿನೇರಳೆ ಕಿರಣ ಬಿದ್ರೆ ಸುಡುತ್ತೆ, ಇದು ಅಲರ್ಜಿ ಅಲ್ಲ, ಯಾರಿಗೆ ಬೇಕಾದ್ರೂ ಆಗುತ್ತೆ ಅಂದ್ರು ಡಾಕ್ಟರು. ಅವರ ಹತ್ರ ನಾಲ್ಕು ಸಲ ಹೋದೆ, ಎರಡು ಥರ ಕ್ರೀಮು, ಐದು ತಿಂಗಳಿಗೆ ಆರು ಟ್ಯೂಬ್ ಸನ್‌ಸ್ಕ್ರೀನು. ಒಂದು ಫೇಶಿಯಲ್ ದುಡ್ಡು ಉಳಿಸೋಕೆ ಹೋಗಿ ಎಂಟು ಫೇಶಿಯಲ್ ದುಡ್ಡು ಕಳ್ಕೊಂಡೆ. ಅಕ್ಕನ ಮಗಳ ನಾಮಕರಣದ ಫೋಟೋ ಒಂದರಲ್ಲೂ ನಾನು ನೇರ ನಿಂತಿಲ್ಲ, ಎಲ್ಲದರಲ್ಲೂ ಬಲಗಡೆಗೆ ತಿರುಗಿದೀನಿ.

ಹಿತ್ತಲಮಲ್ಲಿಗೆ:
ನಿಮಗಾಗಿದ್ದಕ್ಕೆ ಬೇಜಾರಾಯ್ತು. ಆದ್ರೆ ಹಚ್ಕೊಂಡು ಬಿಸಿಲಿಗೆ ಹೋಗಿದ್ದು ನೀವು, ಹಣ್ಣಿನ ತಪ್ಪೇನು? ಹದಿನಾಲ್ಕು ವರ್ಷದಿಂದ ನಾನು ಅರ್ಧ ಚಮಚ ನಿಂಬೆರಸ, ಎರಡು ಚಮಚ ಜೇನು ಕಲಸಿ ಹಚ್ತಿದೀನಿ. ರಾತ್ರಿ ಮಾತ್ರ, ಹತ್ತು ನಿಮಿಷ, ಆಮೇಲೆ ಮೂರು ಸಲ ತೊಳೀತೀನಿ. ಮುಖಕ್ಕೆ ಒಂದು ಕ್ರೀಮು ಕೊಂಡವಳಲ್ಲ. ನಲವತ್ತಾರು ನನಗೆ. ನನ್ನ ತಂಗಿ ನನಗಿಂತ ಆರು ವರ್ಷ ಚಿಕ್ಕವಳು, ಜೊತೇಲಿ ಹೊರಟ್ರೆ ಅವಳನ್ನೇ ದೊಡ್ಡೋಳು ಅಂತಾರೆ. ಮಾಡೋ ರೀತೀಲಿ ಮಾಡ್ಬೇಕು.

ನೀಲಿಕೊಡೆ:
ಮೇಡಂ, ಹುಳಿ ಅಳೆಯೋಕೆ ಪಿಎಚ್ ಅಂತ ಇದೆ, ಅಂಕ ಇಳಿದಷ್ಟೂ ಹುಳಿ ಜಾಸ್ತಿ. ಚರ್ಮದ ಪಿಎಚ್ ಸುಮಾರು 5. ನಿಂಬೆರಸದ್ದು 2. ಒಂದೊಂದು ಅಂಕಕ್ಕೂ ಹತ್ತು ಪಟ್ಟು ವ್ಯತ್ಯಾಸ, ಅಂದ್ರೆ ಸಾವಿರ ಪಟ್ಟು ಹುಳಿ. ಸೋಡಾ ನೀರು ಆ ಕಡೆಗೆ, 8 ದಾಟುತ್ತೆ. ಎರಡನ್ನೂ ನಾನು ಹಚ್ಚಿ ಅನುಭವಿಸಿದೀನಿ. ನಿಮಗೆ ಏನೂ ಆಗಲಿಲ್ಲ ಅಂತ ಮೊಡವೆ ಇರೋ ಹುಡುಗಿಗೆ ಹೇಳಬೇಡಿ.

ಹಿತ್ತಲಮಲ್ಲಿಗೆ:
ನಾನು ಯಾರಿಗೂ ಹಚ್ಕೊಳ್ಳಿ ಅಂದಿಲ್ಲ. ನನ್ನ ಅನುಭವ ಹೇಳಿದೆ. ಕೇಳಿದ್ದೂ ಅದನ್ನೇ ತಾನೆ?

ಇರುಳುಪಾಳಿ:
ಕೂದಲ ಬಗ್ಗೆ ನನ್ನದೊಂದು. ತಲೆ ತುಂಬ ಹೊಟ್ಟು ಬಂತು. ಒಣಗಿದೆ ಅಂದ್ಕೊಂಡು ದಿನಾ ರಾತ್ರಿ ಬುಡಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿ ಮಲಗ್ತಿದ್ದೆ. ಎರಡು ತಿಂಗಳಲ್ಲಿ ಹೊಟ್ಟು ಹಳದಿಯಾಗಿ ಅಂಟೋಕೆ ಶುರುವಾಯ್ತು, ಹುಬ್ಬಿಗೂ ಮೂಗಿನ ಪಕ್ಕಕ್ಕೂ ಇಳೀತು. ಕರಿ ಶರ್ಟ್ ಹಾಕೋದೇ ಬಿಟ್ಟೆ. ಮೂರು ದಿಂಬಿನ ಕವರು ಎಣ್ಣೆ ಜಿಡ್ಡಿಗೆ ಹೋದವು. ತಲೇಲಿ ಮಲಸೇಜಿಯಾ ಅನ್ನೋ ಶಿಲೀಂಧ್ರ ಇರುತ್ತಂತೆ, ಎಲ್ಲರ ತಲೇಲೂ ಇರುತ್ತೆ, ಅದಕ್ಕೆ ಎಣ್ಣೆಯೇ ಊಟ. ನಾನು ದಿನಾ ಬಡಿಸ್ತಿದ್ದೆ. ಕೊನೆಗೆ ಆ ಶಿಲೀಂಧ್ರ ಅಡಗಿಸೋ 2% ಕೀಟೋಕೊನಜೋಲ್ ಶಾಂಪೂ, ವಾರಕ್ಕೆ ಎರಡು ಸಲ, ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯೋದು. ನಾಲ್ಕು ವಾರಕ್ಕೆ ತಲೆ ತಿಳಿಯಾಯ್ತು. ಆ ಎರಡು ತಿಂಗಳು ಮೀಟಿಂಗಲ್ಲಿ ತಲೆ ಕೆರ್ಕೊಳ್ಳದೆ ಕೂರೋಕೆ ಪಟ್ಟ ಪಾಡು ನನಗೆ ಗೊತ್ತು. ಎಣ್ಣೆ ಮುಟ್ಟಬೇಡಿ.

ಕರಿಮಣಿ:
ನಿಮ್ಮ ತಲೆಹೊಟ್ಟಿಗೆ ಎಲ್ಲರೂ ಎಣ್ಣೆ ಬಿಡ್ಬೇಕಾ? ನನ್ನ ಕೂದಲು ಸೊಂಟ ಮುಟ್ಟುತ್ತೆ, ಅದನ್ನ ಉಳಿಸಿದ್ದೇ ಕೊಬ್ಬರಿ ಎಣ್ಣೆ. ತಲೆಸ್ನಾನಕ್ಕೆ ಒಂದು ಗಂಟೆ ಮುಂಚೆ, ಕಿವಿಯಿಂದ ಕೆಳಗೆ ಮಾತ್ರ ಹಚ್ತೀನಿ. ಮಿನರಲ್ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಕೊಬ್ಬರಿ ಎಣ್ಣೆ ಮೂರನ್ನೂ ಹೋಲಿಸಿ 2003ರಲ್ಲಿ ಒಂದು ಅಧ್ಯಯನ ಬಂದಿತ್ತು. ಕೂದಲಿನ ಪ್ರೋಟೀನ್ ತೊಳೆದು ಹೋಗೋದನ್ನ ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಒಂದೇ. ಉಳಿದೆರಡು ಕೂದಲೊಳಗೆ ಇಳಿಯಲ್ಲ. ಒಂದು ಸಲಕ್ಕೆ ಒಂದೂವರೆ ಚಮಚ ಸಾಕು.

ಇರುಳುಪಾಳಿ:
ನಾನು ಬುಡದ ಮಾತಾಡಿದ್ದು. ನೀವು ತುದಿ ಹಿಡ್ಕೊಂಡು ವಾದಕ್ಕೆ ಬಂದ್ರಿ.

ಕರಿಮಣಿ:
"ಎಣ್ಣೆ ಮುಟ್ಟಬೇಡಿ" ಅಂತ ಬರೆದದ್ದು ಯಾರು? ತುದಿ ಪೊರಕೆ ಆಗಿದೆ ಅಂತ ಆಯಮ್ಮ ಬರೆದಿದಾರೆ, ಹೊಟ್ಟು ಅಂತ ಎಲ್ಲೂ ಇಲ್ಲ.

ಬಿಳಿಪಾರಿವಾಳ:
ಉಗುರಿನ ವಿಷಯ ಯಾರೂ ಎತ್ತಿಲ್ಲ, ಹಾಗಾಗಿ ಬರೀತೀನಿ, ಉದ್ದ ಆದ್ರೆ ಕ್ಷಮಿಸಿ. ಮನೇಲೇ ಜೆಲ್ ಪಾಲಿಶ್ ಹಾಕ್ಕೊಂಡ್ರೆ ಎಷ್ಟು ಉಳಿಯುತ್ತೆ ಅಂತ ಚೀಟೀಲಿ ಲೆಕ್ಕ ಹಾಕಿದ್ದೆ. ನಾಲ್ಕನೇ ಸಲಕ್ಕೇ ಕಿಟ್‌ನ ದುಡ್ಡು ವಾಪಸ್. ಪಾಲಿಶ್ ಗಟ್ಟಿ ಮಾಡೋ ಲ್ಯಾಂಪು ಒಂದು ಕಡೆ ಅಗ್ಗಕ್ಕೆ ಸಿಕ್ತು, ಪಾಲಿಶ್ ಇನ್ನೊಂದು ಕಡೆ. ಲ್ಯಾಂಪು ಆ ಪಾಲಿಶ್‌ಗೆ ಸರಿಹೊಂದಬೇಕು, ಇಲ್ಲಾಂದ್ರೆ ಮೇಲೆ ಗಟ್ಟಿ ಆಗಿ ಒಳಗೆ ಹಸಿ ಉಳಿಯುತ್ತೆ ಅನ್ನೋದು ತಿಳೀಲಿಲ್ಲ. ಪ್ರತಿ ಸಲ ಉಗುರಿನ ಸುತ್ತ ಚರ್ಮಕ್ಕೂ ಸ್ವಲ್ಪ ತಾಗ್ತಿತ್ತು, ಒರೆಸಿ ಬಿಡ್ತಿದ್ದೆ.

ಏಳನೇ ಸಲ ತೋರುಬೆರಳ ತುದಿ ತುರಿಸ್ತು. ಎಂಟನೇ ಸಲಕ್ಕೆ ಹತ್ತೂ ಬೆರಳು. ತುದಿ ಚರ್ಮ ಬಿರುಕು ಬಿಟ್ಟು ಫೋನ್ ಮೇಲೆ ಬೆರಳು ಒತ್ತೋಕೂ ಆಗ್ತಿರಲಿಲ್ಲ. ಆಮೇಲೆ ರೆಪ್ಪೆ ಊದಿಕೊಳ್ತು, ಬೆರಳು ತಾಗಿದ ಕಡೆಯೆಲ್ಲ. ಯಾವುದಕ್ಕೆ ಅಲರ್ಜಿ ಅಂತ ನೋಡೋಕೆ ಡಾಕ್ಟರು ಬೆನ್ನಿಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ತೆಗೆದ್ರು. ಆ ಎರಡು ದಿನ ಸ್ನಾನ ಇಲ್ಲ. ಜೆಲ್ ಪಾಲಿಶ್‌ನಲ್ಲಿರೋ ಹೆಮಾ ಅನ್ನೋ ಅಕ್ರಿಲೇಟ್ ಜಾತಿ ರಾಸಾಯನಿಕ ಹಾಕಿದ ಜಾಗ ಕೆಂಪಗೆ ಉಬ್ಬಿತ್ತು. ಈ ಅಲರ್ಜಿ ಒಂದು ಸಲ ಬಂದ್ರೆ ಹೋಗಲ್ಲವಂತೆ. ಹಲ್ಲಿಗೆ ತುಂಬೋ ವಸ್ತುವಿನಲ್ಲೂ ಇದೇ ಜಾತಿ ರಾಸಾಯನಿಕ ಇರುತ್ತೆ, ಹಾಗಾಗಿ ಈಗ ಹಲ್ಲಿನ ಡಾಕ್ಟರ ಹತ್ರ ಹೋದ್ರೆ ಕೂತ ತಕ್ಷಣ ಇದನ್ನೇ ಮೊದಲು ಹೇಳ್ಬೇಕು. ಉಗುರು ತಿಂಗಳಿಗೆ ಬೆಳೆಯೋದು ಮೂರು ಮಿಲಿಮೀಟರು. ಹಾಳಾದ ಉಗುರೆಲ್ಲ ಮುಂದಕ್ಕೆ ಹೋಗಿ ಹೊಸದು ಬರೋಕೆ ಆರು ತಿಂಗಳು ಹಿಡೀತು. ಕಿಟ್ ಯಾರಿಗೂ ಕೊಡಲಿಲ್ಲ, ಕೇಳಿದವರಿದ್ರು.

ಈಗ ಉಗುರನ್ನ ಒಂದೇ ದಿಕ್ಕಿಗೆ ಉಜ್ಜಿ ದುಂಡಗೆ ಮಾಡಿ, ಮಲಗೋ ಮುಂಚೆ ಪೆಟ್ರೋಲಿಯಂ ಜೆಲ್ಲಿ ಹಚ್ತೀನಿ, ಅಷ್ಟೇ. ಚಿಕ್ಕ ಡಬ್ಬಿ, ಹತ್ತು ತಿಂಗಳಾಯ್ತು, ಇನ್ನೂ ಅರ್ಧ ಇದೆ.

ಹಿತ್ತಲಮಲ್ಲಿಗೆ:
ನೋಡಿ, ಇದಕ್ಕೇ ನಾನು ಅಡುಗೆಮನೆ ಬಿಟ್ಟು ಬೇರೆ ಏನೂ ಮುಟ್ಟಲ್ಲ.

ನೀಲಿಕೊಡೆ:
ನನ್ನ ಕೆನ್ನೆ ಸುಟ್ಟದ್ದು ಅಡುಗೆಮನೇದೇ.

ಸೂಜಿದಾರ:
ನಾಲ್ಕು ಜೊತೆ ಬಟ್ಟೆ ಇದೆ ಅಂದಿದೀರಲ್ಲ, ಅದು ಕಡಿಮೆ ಅಲ್ಲಮ್ಮ. ನಾನು ಮೊದಲ ಕೆಲಸಕ್ಕೆ ಸೇರಿದಾಗ ಎರಡೇ ಇದ್ದವು, ಎರಡೂ ಬೇರೆಯವರದ್ದು, ಎರಡೂ ದೊಡ್ಡವು. ಬಟ್ಟೆ ಅಗ್ಗದ್ದೋ ದುಬಾರಿಯೋ ಯಾರೂ ನೋಡಲ್ಲ, ಮೈಗೆ ಕೂತಿದೆಯೋ ಇಲ್ಲವೋ ಅಷ್ಟೇ ಕಣ್ಣಿಗೆ ಬೀಳೋದು. ಭುಜದ ಹೊಲಿಗೆ ಭುಜದ ಮೂಳೆ ಮುಗಿಯೋ ಕಡೆ ಬರ್ಬೇಕು. ಅದು ಇಳಿಬಿದ್ದಿದ್ರೆ ಮನೇಲಿ ಸರಿಮಾಡೋದು ಕಷ್ಟ, ಅಂಥದ್ದನ್ನ ಮುಟ್ಟಬೇಡಿ. ಸೊಂಟ, ತೋಳುದ್ದ, ಕಾಲಂಚು, ಇವು ನಿಮ್ಮ ಕೈಲಿ ಆಗುತ್ತೆ.

ನಾನು ಮೊದಲು ಮಡಿಚಿದ್ದು ಒಂದು ಪ್ಯಾಂಟಿನ ಅಂಚು. ಎರಡು ಕಾಲಿಗೆ ನಾಲ್ಕು ಸಂಜೆ ಹಿಡೀತು. ಮೂರು ಸೂಜಿ ಮುರೀತು, ಹೆಬ್ಬೆರಳು ಹುಣ್ಣಾಯ್ತು. ಅಷ್ಟು ಮಾಡಿ, ಮೊದಲೇ ಒಗೆಯೋದು ಮರೆತಿದ್ದೆ. ಹತ್ತಿ ಬಟ್ಟೆ, ಹೊಲಿದ ಮೇಲೆ ಒಗೆದ್ರೆ ಎರಡು ಬೆರಳು ಕುಗ್ಗಿ ಕಣಕಾಲು ಕಾಣ್ತಿತ್ತು. ಆ ಪ್ಯಾಂಟು ತಮ್ಮನಿಗೆ ಹೋಯ್ತು. ಆವತ್ತಿಂದ ಹೊಸ ಹತ್ತಿ ಬಟ್ಟೆ ಒಗೆದು ಒಣಗಿಸದೆ ಕತ್ತರಿ ತಾಗಿಸಿಲ್ಲ.

ಅಂಚು ಹೊಲಿಯುವಾಗ ಒಳಮಡಿಕೆಗೆ ಸೂಜಿ ಆರಾಮಾಗಿ ಹಾಕಿ. ಹೊರಗಿನ ಬಟ್ಟೇಲಿ ಮಾತ್ರ ಒಂದೇ ಒಂದು ಎಳೆ, ಹೆಚ್ಚಂದ್ರೆ ಎರಡು ಎಳೆ ಎತ್ತಬೇಕು. ದಾರ ಬಿಗಿಯಾಗಿ ಎಳೀಬೇಡಿ, ಎಳೆದ್ರೆ ಹೊರಗೆ ಚುಕ್ಕಿ ಚುಕ್ಕಿ ಗುಳಿ ಬೀಳುತ್ತೆ. ಸರಿಯಾಗಿ ಬಿದ್ರೆ ಹೊರಗಿಂದ ಹುಡುಕಿದ್ರೂ ಹೊಲಿಗೆ ಸಿಗಬಾರದು. ಸ್ವೆಟರ್ ಮೇಲಿನ ಜುಂಗಿನ ಉಂಡೆಗೆ ರೇಜರ್ ಹಾಕಿ ಒಂದು ಸ್ವೆಟರ್ ತೂತು ಮಾಡಿದೀನಿ, ಸಮತಟ್ಟಾದ ಮೇಜಿನ ಮೇಲೆ ಬಿಗಿಹಿಡಿದು ಮೆಲ್ಲಗೆ ಎಳೀಬೇಕು.

ಹಿತ್ತಲಮಲ್ಲಿಗೆ:
ನಾಲ್ಕು ಸಂಜೆ ಯಾಕೆ? ಇಸ್ತ್ರಿ ಹಾಕಿದ್ರೆ ಅಂಟೋ ಟೇಪು ಸಿಗುತ್ತೆ, ಕಾಲು ಗಂಟೆ ಕೆಲಸ. ನನ್ನ ಮಗಳ ಸ್ಕರ್ಟು ಎರಡು ವರ್ಷದಿಂದ ಹಾಗೇ ಇದೆ.

ಸೂಜಿದಾರ:
ಅಂಟು ಹಾಕಿದ್ದು ಮೂರನೇ ಒಗೆತಕ್ಕೆ ಬಿಟ್ಕೊಂಡು, ಹೊರಗೆ ಎಣ್ಣೆ ಹತ್ತಿದ ಹಾಗೆ ಕಲೆ ಉಳೀತು ನನಗೆ. ಆ ಕಲೆ ಹೋಗಲೇ ಇಲ್ಲ. ಮೂವತ್ತು ವರ್ಷ ಸೂಜಿ ಹಿಡಿದಿದೀನಿ, ಟೇಪನ್ನ ಹೊಲಿಗೆ ಪಕ್ಕ ಇಟ್ಟು ಮಾತಾಡಬೇಡಿ.

ಮೊದಲದಿನ:
ಎಲ್ಲರಿಗೂ ತುಂಬ ಥ್ಯಾಂಕ್ಸ್. ನಿಂಬೆಹಣ್ಣು ಪಕ್ಕಕ್ಕಿಟ್ಟೆ. ಹಾಗಾದ್ರೆ ಕಲೆಗೆ ಏನು ಮಾಡ್ಲಿ? ಇನ್ನೊಂದು, ಮುಂಗೂದಲು ನಾನೇ ಕತ್ತರಿಸ್ಕೋಬಹುದಾ?

ಅರ್ಧಚಂದ್ರ:
ಒದ್ದೆ ಕೂದಲು ಮಾತ್ರ ಕತ್ತರಿಸಬೇಡಿ. ನಾನು ಸ್ನಾನ ಮಾಡಿ ಬಂದು ಹುಬ್ಬಿನ ಮಟ್ಟಕ್ಕೆ ಅಳತೆ ಹಿಡಿದು ಕತ್ತರಿಸಿದೆ. ಒಣಗಿದ ಮೇಲೆ ಹಣೆಯ ನಡುವಿಗೆ ಹೋಗಿ ನಿಂತ್ಕೊಂಡ್ತು. ನನ್ನದು ಗುಂಗುರು, ಒದ್ದೆ ಇದ್ದಾಗ ಜೋತು ಬೀಳುತ್ತೆ. ಸರಿ ಮಾಡೋಕೆ ಎಡಗಡೆ ಸ್ವಲ್ಪ, ಬಲಗಡೆ ಸ್ವಲ್ಪ ಅಂತ ಇನ್ನೂ ಮೇಲಕ್ಕೆ ಹೋಯ್ತು. ಕೂದಲು ತಿಂಗಳಿಗೆ ಬೆಳೆಯೋದು ಒಂದು ಸೆಂಟಿಮೀಟರ್ ಚಿಲ್ಲರೆ. ನಾಲ್ಕು ತಿಂಗಳು ಕ್ಲಿಪ್ಪು, ಬೇಸಗೇಲೂ ತಲೆಗೆ ಬಟ್ಟೆ. ಒಣಗಿದ ಮೇಲೆ ಬಾಚಿ, ಕತ್ತರಿ ನೆಟ್ಟಗೆ ಮೇಲ್ಮುಖ ಹಿಡಿದು ತುದಿ ಮಾತ್ರ ಚೂರು ಚೂರು ತೆಗೀಬೇಕು, ಬೇಕಾದ್ದಕ್ಕಿಂತ ಒಂದು ಬೆರಳು ಉದ್ದ ಬಿಟ್ಟು. ಅಡುಗೆಮನೆ ಕತ್ತರಿ ಬೇಡವೇ ಬೇಡ, ತುದಿ ಸೀಳುತ್ತೆ.

ನೀಲಿಕೊಡೆ:
ಕಲೆಗೆ ಸನ್‌ಸ್ಕ್ರೀನ್. ಹಾಕದೆ ಹೋದ್ರೆ ಕಲೆ ಇನ್ನೂ ಕಪ್ಪಾಗುತ್ತೆ, ನಾನು ಆರು ಟ್ಯೂಬ್ ಕೊಂಡದ್ದು ಅದಕ್ಕೇ. ದುಬಾರಿಯದ್ದೇ ಬೇಕಿಲ್ಲ. ಎಸ್‌ಪಿಎಫ್ 30 ಇದ್ರೆ ಅತಿನೇರಳೆ ಬಿ ಕಿರಣದಲ್ಲಿ ನೂರಕ್ಕೆ 97 ತಡೆಯುತ್ತೆ, 50 ಇದ್ರೆ 98. ಆ ಒಂದಕ್ಕೆ ಎರಡರಷ್ಟು ದುಡ್ಡು ಕೊಡಬೇಡಿ. ಆದ್ರೆ ಹಚ್ಚೋದರಲ್ಲಿ ಜಿಪುಣತನ ಮಾಡಬೇಡಿ, ಎರಡು ಬೆರಳ ಉದ್ದಕ್ಕೂ ಗೆರೆ ಹಾಕ್ಕೊಂಡು ಅಷ್ಟನ್ನೂ ಮುಖಕ್ಕೆ ಕುತ್ತಿಗೆಗೆ ಹಚ್ಚಿ. ಮೊಡವೆ ಇನ್ನೂ ಏಳ್ತಿದ್ರೆ ಅದನ್ನ ಮೊದಲು ನಿಲ್ಲಿಸಬೇಕು. ಅದಕ್ಕೆ ಅಡಾಪಲೀನ್ ಅನ್ನೋ ಮೊಡವೆ ಔಷಧಿ ಹಚ್ಚೋಕೆ ಶುರು ಮಾಡಿದ್ರೆ ಆ ಜಾಗಕ್ಕೆ ವ್ಯಾಕ್ಸ್ ಹಾಕಬೇಡಿ. ನನ್ನ ಅತ್ತಿಗೆಗೆ ಮೇಲ್ದುಟಿ ಹತ್ರ ಚರ್ಮವೇ ಕಿತ್ಕೊಂಡು ಬಂತು.

ಹಿತ್ತಲಮಲ್ಲಿಗೆ:
ಸನ್‌ಸ್ಕ್ರೀನ್ ವಿಷಯಕ್ಕೆ ನಾನು ಎದುರಾಡಲ್ಲ. ಕೊಡೆ ಹಿಡ್ಕೊಂಡು ಓಡಾಡಿದ್ರೂ ಅರ್ಧ ಕೆಲಸ ಆಗುತ್ತೆ, ನಾನು ಮಾಡೋದು ಅದೇ.
ಸೂಜಿದಾರ ಅವರೇ, ಆ ಟೇಪು ಹಾಕೋ ಮುಂಚೆ ಬಟ್ಟೆ ಒಗೆದಿದ್ರಾ? ಹೊಸ ಬಟ್ಟೇಲಿ ಗಂಜಿ ಇರುತ್ತೆ, ಅಂಟು ಹಿಡಿಯಲ್ಲ.

ಸೂಜಿದಾರ:
ಒಗೆದಿದ್ದೆ.

ಹಿತ್ತಲಮಲ್ಲಿಗೆ:
ಮೇಲೆ ಒದ್ದೆ ಬಟ್ಟೆ ಹಾಸಿ, ಇಸ್ತ್ರಿ ಜಾರಿಸದೆ, ಒಂದೊಂದು ಕಡೆ ಹತ್ತು ಎಣಿಸೋವರೆಗೂ ಒತ್ತಿ ಹಿಡಿದಿದ್ರಾ?

ಸೂಜಿದಾರ:
ಜಾರಿಸಿದ್ದೆ. ಆದ್ರೂ ನಾನು ಸೂಜಿಯಲ್ಲೇ ಹೊಲೀತೀನಿ.