ಹಳೆ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ ಹಾಕಿದ ಮೇಲೆ ವೈಫೈ ಇಲ್ಲ, ನುಡಿ ಫೈಲ್‌ಗಳು ಓದಲು ಬರುತ್ತಿಲ್ಲ

ಮಲೆನಾಡ ಮಳೆ:

ಎಲ್ಲರಿಗೂ ನಮಸ್ಕಾರ. ಅಪ್ಪನ ಲ್ಯಾಪ್‌ಟಾಪ್ ವಿಷಯ. 2014ರಲ್ಲಿ ತಗೊಂಡಿದ್ದು. ಇಂಟೆಲ್ ಐ3, ನಾಲ್ಕನೇ ತಲೆಮಾರಿನದು. 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಬರುವಾಗ ವಿಂಡೋಸ್ 8.1 ಇತ್ತು, ಆಮೇಲೆ 10 ಹಾಕಿದ್ದೆವು. 11 ಕೇಳಿದರೆ ಈ ಕಂಪ್ಯೂಟರ್‌ಗೆ ಆಗುವುದಿಲ್ಲ ಅನ್ನುತ್ತದೆ. 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿತಲ್ಲ, ಅದಕ್ಕೆ ವಿಂಡೋಸನ್ನು ಹಾಗೇ ಇಟ್ಟುಕೊಂಡು ಪಕ್ಕದಲ್ಲಿ ಲಿನಕ್ಸ್ ಮಿಂಟ್ 22.1 (ವಿಂಡೋಸ್ ಬದಲು ಬಳಸುವ ಉಚಿತ ಸಿಸ್ಟಂ) ಹಾಕಿದೆ. ಎಕ್ಸ್‌ಎಫ್‌ಸಿಇ ಆವೃತ್ತಿ. ಇನ್‌ಸ್ಟಾಲ್ ಏನೋ ಸಲೀಸಾಗಿ ಆಯಿತು. ಆದರೆ,

ವೈಫೈ ಇಲ್ಲವೇ ಇಲ್ಲ. ರೂಟರ್‌ನಿಂದ ಕೇಬಲ್ ಹಾಕಿದರೆ ಇಂಟರ್ನೆಟ್ ಬರುತ್ತದೆ. ಡ್ರೈವರ್ ಮ್ಯಾನೇಜರ್‌ನಲ್ಲಿ ಬ್ರಾಡ್‌ಕಾಮ್ ಅಂತ ಒಂದು ತೋರಿಸಿತು, ಅದನ್ನು ಹಾಕಿ ರೀಸ್ಟಾರ್ಟ್ ಮಾಡಿಯೂ ಆಯಿತು. ಏನೂ ಬದಲಾಗಿಲ್ಲ.

ವಿಂಡೋಸ್ ಇರುವ ಡ್ರೈವ್ ಮಿಂಟ್‌ನಿಂದ ತೆರೆಯಲು ಹೋದರೆ ಮೌಂಟ್ ಆಗುವುದಿಲ್ಲ ಅಂತ ಬರುತ್ತದೆ.

ಕೊನೆಯದು ಅಪ್ಪನಿಗೆ ಎಲ್ಲಕ್ಕಿಂತ ಮುಖ್ಯ. ಅವರು ನಿವೃತ್ತ ಮೇಷ್ಟ್ರು. ಊರಿನ ಸಂಘದ ಸ್ಮರಣ ಸಂಚಿಕೆ ಕೆಲಸವೆಲ್ಲ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲೇ ಟೈಪ್ ಮಾಡುತ್ತಾರೆ. ಪೆನ್‌ಡ್ರೈವ್‌ನಲ್ಲಿದ್ದ ಒಂದು ಫೈಲನ್ನು ಲಿಬ್ರೆಆಫೀಸ್‌ನಲ್ಲಿ ತೆರೆದರೆ ಪುಟದ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಫೈಲ್ ಹಾಳಾಯಿತು ಅಂತ ಅವರು ಗಾಬರಿಯಾಗಿದ್ದಾರೆ. ಮಿಂಟ್ ತೆಗೆದು ಮತ್ತೆ ಹಾಕಬೇಕಾ?

ಹಳೇ ಬೋರ್ಡು:

ಸರ್, ಮತ್ತೆ ಹಾಕಬೇಡಿ. ಹಾಕಿದರೂ ಇದೇ ಜಾಗಕ್ಕೆ ಬಂದು ನಿಲ್ಲುತ್ತೀರಿ. ಮೂರೂ ಬೇರೆ ಬೇರೆ ತೊಂದರೆ, ಒಂದಕ್ಕೊಂದು ಸಂಬಂಧ ಇಲ್ಲ. ಫೈಲ್ ಹಾಳಾಗಿಲ್ಲ ಅಂತ ಅಪ್ಪನಿಗೆ ಮೊದಲು ಹೇಳಿಬಿಡಿ.

ವೈಫೈಗೆ ಎರಡು ವಿಷಯ ಗೊತ್ತಾಗಬೇಕು. ಮೆನುವಿನಲ್ಲಿ ಸಿಸ್ಟಂ ರಿಪೋರ್ಟ್ಸ್ ತೆರೆದು, ಸಿಸ್ಟಂ ಇನ್ಫರ್ಮೇಶನ್ ಒಳಗೆ ನೆಟ್‌ವರ್ಕ್ ಅನ್ನುವ ಕಡೆ ಏನಿದೆ ನೋಡಿ ಹೇಳಿ. ಡ್ರೈವರ್ ಅನ್ನುವ ಪದದ ಮುಂದೆ ಇರುವುದೇ ಮುಖ್ಯ. ಇನ್ನೊಂದು, ಇನ್‌ಸ್ಟಾಲ್ ಮಾಡುವಾಗ ಸೆಕ್ಯೂರ್ ಬೂಟ್‌ಗೆ ಪಾಸ್‌ವರ್ಡ್ ಕೊಡಿ ಅಂತ ಕೇಳಿತ್ತಾ?

ಮಲೆನಾಡ ಮಳೆ:

ಬ್ರಾಡ್‌ಕಾಮ್ ಬಿಸಿಎಂ43142 ಅಂತಿದೆ. ಡ್ರೈವರ್ ಮುಂದೆ ಎನ್/ಎ, ಅಂದರೆ ಏನೂ ಇಲ್ಲ. ಪಾಸ್‌ವರ್ಡ್ ಕೇಳಿದ್ದು ಹೌದು, ಮಲ್ಟಿಮೀಡಿಯಾ ಕೋಡೆಕ್ ಬೇಕು ಅಂತ ಗುರುತು ಹಾಕಿದಾಗ. ಮೊದಲ ಸಲ ರೀಸ್ಟಾರ್ಟ್ ಆದಾಗ ಒಂದು ನೀಲಿ ಪರದೆ ಬಂತು. ಅದರಲ್ಲಿ ಕಂಟಿನ್ಯೂ ಬೂಟ್ ಒತ್ತಿ ಮುಂದೆ ಹೋದೆ.

ಹಳೇ ಬೋರ್ಡು:

ಸರಿ, ಸಿಕ್ಕಿತು. ಆ ನೀಲಿ ಪರದೆಯಲ್ಲೇ ಇದೆ ವಿಷಯ.

2013ರ ಆಚೀಚೆ ವಿಂಡೋಸ್ 8 ಜೊತೆ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಸೆಕ್ಯೂರ್ ಬೂಟ್ ಆನ್ ಆಗಿಯೇ ಇರುತ್ತದೆ. ಅದು ಆನ್ ಇದ್ದಾಗ, ನಂಬಿಕೆಯ ಸಹಿ ಇಲ್ಲದ ಡ್ರೈವರನ್ನು ಲಿನಕ್ಸ್ ಕರ್ನೆಲ್ (ಸಿಸ್ಟಂನ ತಿರುಳು) ಒಳಗೇ ಬಿಡುವುದಿಲ್ಲ. ಬಹುಪಾಲು ವೈಫೈ ಚಿಪ್‌ಗಳ ಡ್ರೈವರ್ ಕರ್ನೆಲ್ ಜೊತೆಗೇ ಬರುತ್ತದೆ, ಅವಕ್ಕೆ ಸಹಿ ಆಗಿರುತ್ತದೆ. ನಿಮ್ಮ ಚಿಪ್ಪಿನದು ಹೊರಗಿನಿಂದ ಬರುವ ಡ್ರೈವರ್. ಅದು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಕಂಪೈಲ್ ಆಗುತ್ತದೆ. ಸಹಿಗೆ ಬಳಸುವ ಕೀ ಕೂಡ ಅಲ್ಲೇ ತಯಾರಾಗುತ್ತದೆ. ಈ ಕೀಯನ್ನು ನಂಬು ಅಂತ ಯಂತ್ರಕ್ಕೆ ನೀವೇ ಹೇಳಬೇಕು. ಅದನ್ನು ಕೇಳಲಿಕ್ಕೇ ನೀಲಿ ಪರದೆ ಬಂದಿದ್ದು. ಅಲ್ಲಿ ಎನ್‌ರೋಲ್ ಮೋಕ್ (ಕೀ ನೋಂದಾಯಿಸು) ಆಯ್ದು, ಮೊದಲು ಕೊಟ್ಟ ಪಾಸ್‌ವರ್ಡ್ ಹಾಕಬೇಕಿತ್ತು. ಕಂಟಿನ್ಯೂ ಬೂಟ್ ಒತ್ತಿದರೆ ಆ ಕೋರಿಕೆ ಅಲ್ಲಿಗೇ ರದ್ದು. ಮತ್ತೆ ತಾನಾಗಿ ಕೇಳುವುದಿಲ್ಲ. ಆ ಪರದೆ ಇರುವುದೇ ಕೆಲವು ಸೆಕೆಂಡ್, ಅದರಲ್ಲಿರುವ ಭಾಷೆಯೂ ಯಾರಿಗೂ ಅರ್ಥ ಆಗುವಂಥದ್ದಲ್ಲ. ಬಹಳ ಜನ ಇಲ್ಲೇ ಸಿಕ್ಕಿಕೊಳ್ಳುತ್ತಾರೆ.

ಈಗ ಸುಲಭದ ದಾರಿ, ಬಯಾಸ್‌ಗೆ (ಲ್ಯಾಪ್‌ಟಾಪ್‌ನ ಮೂಲ ಸೆಟ್ಟಿಂಗ್ಸ್) ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡುವುದು. ಡೆಲ್, ಏಸರ್‌ನಲ್ಲಿ ಆನ್ ಮಾಡಿದ ಕೂಡಲೇ ಒತ್ತಬೇಕಾದ್ದು ಸಾಮಾನ್ಯವಾಗಿ ಎಫ್2. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್10. ಬೂಟ್ ಅಥವಾ ಸೆಕ್ಯುರಿಟಿ ಪುಟದಲ್ಲಿ ಇರುತ್ತದೆ. ಆದರೆ ಬೂಟ್ ವಿಧಾನದ ಕಡೆ ಯುಇಎಫ್‌ಐ ಅನ್ನುವುದನ್ನು ಲೆಗಸಿಗೆ ಬದಲಿಸಬೇಡಿ. ಬದಲಿಸಿದರೆ ಎರಡು ಸಿಸ್ಟಂಗಳೂ ಶುರುವಾಗುವುದಿಲ್ಲ. ಡ್ರೈವರ್ ನೀವು ಆಗಲೇ ಹಾಕಿದ್ದೀರಲ್ಲ, ಸೆಕ್ಯೂರ್ ಬೂಟ್ ಆಫ್ ಆದ ಕೂಡಲೇ ವೈಫೈ ಪಟ್ಟಿ ಬರಬೇಕು.

ಕೀಲಿ ಕೈ:

ಒಂದು ನಿಮಿಷ. ಬಯಾಸ್ ಮುಟ್ಟುವ ಮೊದಲು ವಿಂಡೋಸ್‌ಗೆ ಹೋಗಿ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವ್ಯವಸ್ಥೆ) ಆನ್ ಇದೆಯಾ ನೋಡಿ. ಇದ್ದರೆ, ಸೆಕ್ಯೂರ್ ಬೂಟ್ ಬದಲಾಯಿಸಿದ ಮೇಲೆ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ಕೈಯಲ್ಲಿ ಇಲ್ಲದಿದ್ದರೆ ಅಪ್ಪನ ಫೈಲ್‌ಗಳೆಲ್ಲ ಒಳಗೇ ಉಳಿಯುತ್ತವೆ. ಇಷ್ಟು ಹಳೆ ಐ3ಯಲ್ಲಿ ಆನ್ ಇರುವ ಸಾಧ್ಯತೆ ಕಡಿಮೆ. ಆದರೂ ನೋಡದೆ ಕೈ ಹಾಕಬೇಡಿ.

ಮತ್ತೆ, ಸೆಕ್ಯೂರ್ ಬೂಟ್ ಆಫ್ ಮಾಡಿ ಅಂತ ಎಲ್ಲರಿಗೂ ಹೇಳುವುದು ನನಗೆ ಅಷ್ಟಾಗಿ ಒಪ್ಪಿಗೆ ಇಲ್ಲ. ಕೀ ನೋಂದಾಯಿಸುವುದೇ ಸರಿಯಾದ ದಾರಿ.

ಹಳೇ ಬೋರ್ಡು:

ಬಿಟ್‌ಲಾಕರ್ ಮಾತು ಸರಿ, ಒಪ್ಪಿದೆ. ಎರಡನೆಯದಕ್ಕೆ ನನ್ನ ಉತ್ತರ: ಕೀ ನೋಂದಾಯಿಸಲು ಈಗ ಟರ್ಮಿನಲ್‌ಗೆ ಹೋಗಬೇಕು. ಮನೆಯೊಳಗೇ ಇರುವ, ಒಬ್ಬರೇ ಬಳಸುವ ಹನ್ನೊಂದು ವರ್ಷದ ಲ್ಯಾಪ್‌ಟಾಪ್‌ಗೆ ಅಷ್ಟು ಕಷ್ಟ ಬೇಡ. ಹೊಸ ಲ್ಯಾಪ್‌ಟಾಪ್ ಆಗಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ.

ಈಗ ವಿಂಡೋಸ್ ಡ್ರೈವ್. ವಿಂಡೋಸ್ 10ರಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ಅದು ಆನ್ ಇದ್ದರೆ ಶಟ್ ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರ್ಧ ನಿದ್ದೆಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಡ್ರೈವ್‌ಗೆ ಬರೆದರೆ ಫೈಲ್ ಕೆಡಬಹುದು ಅಂತ ಲಿನಕ್ಸ್ ತೆರೆಯಲು ಒಪ್ಪುತ್ತಿಲ್ಲ. ಒತ್ತಾಯದಿಂದ ತೆರೆಸುವ ಉಪಾಯಗಳು ಹುಡುಕಿದರೆ ಸಿಗುತ್ತವೆ, ಅವು ಬೇಡ. ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಅಲ್ಲಿ ಎಡಗಡೆ ಪವರ್ ಬಟನ್ ಏನು ಮಾಡಬೇಕು ಅನ್ನುವ ಲಿಂಕ್. ಅದರೊಳಗೆ ಫಾಸ್ಟ್ ಸ್ಟಾರ್ಟಪ್ ಗುರುತು ತೆಗೆದು ಸೇವ್ ಮಾಡಿ. ಗುರುತು ಮಸುಕಾಗಿ ಕಂಡರೆ, ಮೇಲಿರುವ ಚೇಂಜ್ ಸೆಟ್ಟಿಂಗ್ಸ್ ಸಾಲನ್ನು ಮೊದಲು ಒತ್ತಬೇಕು. ಆಮೇಲೆ ಶಟ್ ಡೌನ್ ಮಾಡಿ ಮಿಂಟ್‌ಗೆ ಬನ್ನಿ.

ಪಟಪಟ:

ಇಷ್ಟೆಲ್ಲ ಯಾಕೆ? ರೂಫಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡುವಾಗ ಟಿಪಿಎಂ (ವಿಂಡೋಸ್ 11 ಕೇಳುವ ಭದ್ರತಾ ಚಿಪ್) ಪರೀಕ್ಷೆ ಬೇಡ ಅಂತ ಗುರುತು ಹಾಕಿದರೆ ವಿಂಡೋಸ್ 11 ಕುಳಿತುಕೊಳ್ಳುತ್ತದೆ. ನಾಲ್ಕನೇ ತಲೆಮಾರಿಗೂ ಆಗುತ್ತದೆ.

ಹಳೇ ಬೋರ್ಡು:

ಆಗುತ್ತದೆ, ಸುಳ್ಳಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪ್ರೊಸೆಸರ್‌ನಲ್ಲಿ ಎಸ್‌ಎಸ್‌ಇ4.2 ಅನ್ನುವ ಸೌಲಭ್ಯ ಇರಲೇಬೇಕು. ಇನ್ನೂ ಹಳೆಯ ಕೋರ್ 2 ಡ್ಯುಯೋ ಆಗಿದ್ದರೆ ಬೂಟೇ ಆಗುತ್ತಿರಲಿಲ್ಲ, ಈ ಐ3ಯಲ್ಲಿ ಅದಿದೆ. ಆದರೆ ಅಧಿಕೃತ ಪಟ್ಟಿ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಶುರು. ಪಟ್ಟಿಯಲ್ಲಿಲ್ಲದ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಪ್ರತಿ ವರ್ಷದ ದೊಡ್ಡ ಅಪ್‌ಡೇಟ್‌ಗೂ ಮತ್ತೆ ಇದೇ ಸರ್ಕಸ್. ಅದೂ 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್. ಮೇಷ್ಟ್ರು ಬೆಳಗ್ಗೆ ಆನ್ ಮಾಡಿ ಕಾಫಿ ಕುಡಿದು ಬಂದರೂ ತೆರೆದಿರುವುದಿಲ್ಲ.

ವಿಂಡೋಸ್ 10ನ್ನೇ ಇನ್ನಷ್ಟು ದಿನ ಬಳಸಬೇಕು ಅಂದರೆ ಇಎಸ್‌ಯು ಅನ್ನುವ ವ್ಯವಸ್ಥೆ ಇದೆ. 22ಎಚ್2 ಆವೃತ್ತಿ ಇರಬೇಕು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡು ಕೊಡುವ ಹಾಗೂ ಇಲ್ಲ. ಅದರಲ್ಲಿ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ. ಮಿಂಟ್ 22 ಸರಣಿಗೆ 2029ರವರೆಗೆ ಇದೆ.

ಅಕ್ಷರ ಅಂಗಡಿ:

ನಾನು ಡಿಟಿಪಿ ಕೆಲಸ ಮಾಡುವವಳು. ನುಡಿ ಬಗ್ಗೆ ಹೇಳುತ್ತೇನೆ.

ಹಳೆ ನುಡಿ ಫೈಲ್‌ಗಳಲ್ಲಿ ಕನ್ನಡ ಅಕ್ಷರಗಳೇ ಇರುವುದಿಲ್ಲ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಅವನ್ನು ಕನ್ನಡದ ರೂಪದಲ್ಲಿ ತೋರಿಸುವುದು ನುಡಿ ಫಾಂಟ್. ಮಿಂಟ್‌ನಲ್ಲಿ ಆ ಫಾಂಟ್ ಇಲ್ಲ, ಹಾಗಾಗಿ ಒಳಗಿರುವುದು ಹಾಗೇ ಕಾಣುತ್ತಿದೆ. ವಿಂಡೋಸ್ ಡ್ರೈವ್ ತೆರೆದುಕೊಂಡ ಮೇಲೆ ಅದರ ಫಾಂಟ್ಸ್ ಫೋಲ್ಡರ್‌ನಲ್ಲಿರುವ ನುಡಿ ಹೆಸರಿನ ಟಿಟಿಎಫ್ ಫೈಲ್‌ಗಳನ್ನು ಮಿಂಟ್‌ಗೆ ಕಾಪಿ ಮಾಡಿ. ಒಂದೊಂದರ ಮೇಲೂ ಡಬಲ್ ಕ್ಲಿಕ್ ಮಾಡಿದರೆ ಇನ್‌ಸ್ಟಾಲ್ ಬಟನ್ ಬರುತ್ತದೆ. ಲಿಬ್ರೆಆಫೀಸ್ ಮುಚ್ಚಿ ತೆರೆದರೆ ಫೈಲ್ ಓದಬಹುದು. ಮುದ್ರಿಸಲೂಬಹುದು.

ಆದರೆ ಇದು ಓದುವುದಕ್ಕೆ ಮಾತ್ರ ಸಾಕು. ಹೊಸದಾಗಿ ಟೈಪ್ ಮಾಡುವುದು ಯೂನಿಕೋಡ್‌ನಲ್ಲೇ (ಎಲ್ಲ ಯಂತ್ರಗಳಲ್ಲೂ ಕನ್ನಡವಾಗಿಯೇ ಕಾಣುವ ಸಂಕೇತ) ಆಗಲಿ. ಅಪ್ಪನಿಗೆ ಬೆರಳಿಗೆ ಕೂತಿರುವುದು ಕಗಪ ಕೀಲಿಮಣೆ, ಅಂದರೆ ಕನ್ನಡ ಗಣಕ ಪರಿಷತ್ತಿನದು. ಅದು ಲಿನಕ್ಸ್‌ನಲ್ಲೂ ಇದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಮಿಂಟ್‌ನ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಕಗಪ ಅಂತ ಒಂದು ಲೇಔಟ್ ಕಾಣುತ್ತದೆ. ಅದನ್ನು ಹಾಕಿದರೆ ಅಪ್ಪ ಎರಡೇ ನಿಮಿಷಕ್ಕೆ ಬೈಯುತ್ತಾರೆ. ಅದು ಹಿಂದಿನ ವ್ಯಂಜನ ನೋಡಿಕೊಂಡು ಸ್ವರವನ್ನು ಗುಣಿತ ಮಾಡುವುದಿಲ್ಲ. ಕ ಒತ್ತಿ ಇ ಒತ್ತಿದರೆ ಕಿ ಬರಬೇಕು, ಅಲ್ವಾ? ಅದಕ್ಕೆ ಬೇಕಾದದ್ದು ಐಬಸ್ ಅನ್ನುವ ಟೈಪಿಂಗ್ ಸಾಫ್ಟ್‌ವೇರ್. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಬಸ್ ಎಂ17ಎನ್ ಹುಡುಕಿ ಹಾಕಿ. ಇನ್‌ಪುಟ್ ಮೆಥಡ್ ಐಬಸ್ ಅಂತ ಆಯ್ದು, ಒಮ್ಮೆ ಲಾಗ್ ಔಟ್ ಆಗಿ ಬನ್ನಿ. ಐಬಸ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕೆಜಿಪಿ, ಅಂದರೆ ಅದೇ ಕಗಪ, ಇರುತ್ತದೆ. ಒತ್ತಕ್ಷರಕ್ಕೆ ಎಫ್ ಕೀ, ನುಡಿಯಲ್ಲಿ ಇದ್ದ ಹಾಗೇ.

ಇನ್ನು ಪ್ರೆಸ್ ವಿಷಯ. ನಿಮ್ಮ ಕಡೆಯ ಪ್ರೆಸ್‌ನವರು ಪೇಜ್‌ಮೇಕರ್ (ಪುಟ ಜೋಡಿಸುವ ಹಳೆ ಸಾಫ್ಟ್‌ವೇರ್) ಬಳಸುತ್ತಿದ್ದರೆ ಅವರಿಗೆ ಯೂನಿಕೋಡ್ ನಡೆಯುವುದಿಲ್ಲ, ಹಳೆ ಸಂಕೇತದಲ್ಲೇ ಬೇಕು. ಮೊದಲು ಅವರನ್ನು ಕೇಳಿ. ಬೇಕು ಅಂದರೆ ಪರಿವರ್ತಕದಲ್ಲಿ ಹಾಕಿ ಕೊಡಬಹುದು. ಹಳೆ ಫೈಲ್‌ಗಳನ್ನು ಯೂನಿಕೋಡ್‌ಗೆ ತರುವಾಗ ಎರಡು ಕಡೆ ಕಣ್ಣಿಡಿ. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಾರುತ್ತದೆ. ನಡುವೆ ಇಂಗ್ಲಿಷ್ ಹೆಸರು, ಇಮೇಲ್ ವಿಳಾಸ ಇದ್ದರೆ ಅದೂ ಕನ್ನಡದ ಕಲಸುಮೇಲೋಗರ ಆಗುತ್ತದೆ. ಸಂಚಿಕೆಯಲ್ಲಿ ದಾನಿಗಳ ಪಟ್ಟಿ ಇದ್ದರೆ ಒಂದೊಂದು ಹೆಸರನ್ನೂ ಓದಿ ನೋಡಲೇಬೇಕು. ಬೇರೆ ಪುಟದ ತಪ್ಪನ್ನು ಯಾರೂ ನೋಡುವುದಿಲ್ಲ, ಆ ಪುಟದ್ದನ್ನು ಎಲ್ಲರೂ ನೋಡುತ್ತಾರೆ.

ಮಲೆನಾಡ ಮಳೆ:

ಎಲ್ಲರಿಗೂ ಧನ್ಯವಾದ. ಬಿಟ್‌ಲಾಕರ್ ಇರಲಿಲ್ಲ. ಸೆಕ್ಯೂರ್ ಬೂಟ್ ಆಫ್ ಮಾಡಿದೆ, ವೈಫೈ ಬಂತು. ಫಾಸ್ಟ್ ಸ್ಟಾರ್ಟಪ್ ತೆಗೆದ ಮೇಲೆ ಡ್ರೈವೂ ತೆರೆಯಿತು. ನುಡಿ ಫಾಂಟ್ ಹಾಕಿದ್ದಾಯಿತು, ಅಪ್ಪ ಸಮಾಧಾನವಾಗಿದ್ದಾರೆ. ಪ್ರೆಸ್‌ನವರಿಗೆ ಹಳೆಯದೇ ಬೇಕಂತೆ. ಹಾಗಾಗಿ ಈ ಸಂಚಿಕೆ ಮುಗಿಯುವವರೆಗೆ ವಿಂಡೋಸ್‌ನಲ್ಲಿ ನುಡಿ, ಉಳಿದಿದ್ದಕ್ಕೆಲ್ಲ ಮಿಂಟ್ ಅಂತ ಒಪ್ಪಿಸಿದ್ದೇನೆ.

ಎರಡು ಸಣ್ಣ ಪ್ರಶ್ನೆ. ಮಿಂಟ್ ಬಳಸಿ ವಿಂಡೋಸ್‌ಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ. ಮತ್ತೆ ಎರಡೂ ಸಿಸ್ಟಂ ತುಂಬಾ ನಿಧಾನ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ (ತಿರುಗದ, ವೇಗದ ಡಿಸ್ಕ್) ಹಾಕಿಸಿದರೆ ಉಪಯೋಗ ಇದೆಯಾ? ಇರುವುದೆಲ್ಲ ಹಾಗೇ ಅದಕ್ಕೆ ಹೋಗಬೇಕು.

ಹಳೇ ಬೋರ್ಡು:

ಗಡಿಯಾರಕ್ಕೆ ಏನೂ ಆಗಿಲ್ಲ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ (ಜಾಗತಿಕ) ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮೂರ ಸಮಯ ಅಂದುಕೊಳ್ಳುತ್ತದೆ. ನಮಗೂ ಯುಟಿಸಿಗೂ ಇರುವ ಅಂತರವೇ ಐದೂವರೆ ಗಂಟೆ. ವಿಂಡೋಸ್‌ನ ಡೇಟ್ ಆಂಡ್ ಟೈಮ್‌ನಲ್ಲಿ ಸಿಂಕ್ ನೌ ಒತ್ತಿದರೆ ಆ ಹೊತ್ತಿಗೆ ಸರಿಯಾಗುತ್ತದೆ. ತಾರೀಖೇ ವರ್ಷಗಟ್ಟಲೆ ಹಿಂದೆ ಹೋದರೆ ಮಾತ್ರ ಬೇರೆ ಕಥೆ, ಆಗ ಬೋರ್ಡಿನ ಸೆಲ್ ಬದಲಾಯಿಸಬೇಕು.

ಎಸ್‌ಎಸ್‌ಡಿ ಹಾಕಿಸಿ. ನನ್ನನ್ನು ಕೇಳಿದ್ದರೆ ಮಿಂಟ್‌ಗಿಂತ ಮೊದಲು ಅದನ್ನೇ ಹಾಕಿಸಿ ಅನ್ನುತ್ತಿದ್ದೆ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಕೇಳಿ, ಎನ್‌ವಿಎಂಇ ಅನ್ನುವ ಹೊಸ ಬಗೆಯದು ಇದಕ್ಕೆ ಆಗುವುದಿಲ್ಲ. ಜೊತೆಗೆ 4 ಜಿಬಿ ರ‍್ಯಾಮ್ ಸಿಕ್ಕರೆ ಒಳ್ಳೆಯದು. ಅದು ಡಿಡಿಆರ್3ಎಲ್ ಆಗಿರಬೇಕು, 1.35 ವೋಲ್ಟ್‌ನದು. ಎಲ್ ಇಲ್ಲದ ಡಿಡಿಆರ್3 ಕೊಟ್ಟು ಎರಡೂ ಒಂದೇ ಅನ್ನುವ ಅಂಗಡಿಯವರಿದ್ದಾರೆ, ಒಪ್ಪಬೇಡಿ. ಎರಡನೇ ಸ್ಲಾಟ್ ಇದೆಯಾ ಅಂತ ಕೆಳಗಿನ ಮುಚ್ಚಳ ತೆಗೆದು ನೋಡಿಕೊಂಡೇ ಪೇಟೆಗೆ ಹೋಗಿ.

ಡಿಸ್ಕ್ ನಕಲಿಗೆ ಕ್ಲೋನ್‌ಜಿಲ್ಲಾ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿದ ಪೆನ್‌ಡ್ರೈವ್ ಸಾಕು. ಹೊಸ ಡಿಸ್ಕ್ ಹಳೆಯದಕ್ಕಿಂತ ಒಂದಿಷ್ಟೂ ಚಿಕ್ಕದಿರಬಾರದು. 480 ಜಿಬಿ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ 500 ಜಿಬಿ ಡಿಸ್ಕ್ ಅದರಲ್ಲಿ ನೇರವಾಗಿ ಕೂರುವುದಿಲ್ಲ. 500 ಅಥವಾ 512 ಜಿಬಿಯದು ತನ್ನಿ. ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಸ್‌ನಲ್ಲಿ ಹಾಕಿ ನಕಲು ಮಾಡಿ. ಅದಕ್ಕೂ ಮೊದಲು ಸಂಚಿಕೆಯ ಫೈಲ್‌ಗಳು ಬೇರೆ ಪೆನ್‌ಡ್ರೈವ್‌ನಲ್ಲಿ ಇರಲಿ. ಮೂಲ ಯಾವುದು, ನಕಲು ಯಾವುದು ಅಂತ ಕ್ಲೋನ್‌ಜಿಲ್ಲಾ ಕೇಳುವಾಗ ಕಂಪನಿ ಹೆಸರು ಓದಿಕೊಂಡು ಆರಿಸಿ. ಮುಗಿದ ಮೇಲೆ ಲ್ಯಾಪ್‌ಟಾಪ್ ಆಫ್ ಮಾಡಿ ಡಿಸ್ಕ್ ಬದಲಾಯಿಸಿ. ಹಳೆಯದನ್ನು ಯುಎಸ್‌ಬಿಗೆ ಸಿಕ್ಕಿಸಿಕೊಂಡೇ ಬೂಟ್ ಮಾಡಬೇಡಿ. ಎರಡಕ್ಕೂ ಒಂದೇ ಗುರುತಿನ ಸಂಖ್ಯೆ ಇರುವುದರಿಂದ ಮಿಂಟ್ ಯಾವುದರಿಂದ ಶುರುವಾಯಿತು ಅಂತ ನಿಮಗೇ ಗೊತ್ತಾಗುವುದಿಲ್ಲ.