ಮಾಜುಲಿಯ ನಾಮಘರದಲ್ಲಿ ಮೂರ್ತಿಯೇ ಇಲ್ಲ, ಪೂಜೆ ಯಾರಿಗೆ?

ತುಂಗಾತೀರ:
ಅಸ್ಸಾಂ ಪ್ರವಾಸದಲ್ಲಿ ಮಾಜುಲಿ ದ್ವೀಪಕ್ಕೆ ಹೋಗಿದ್ದೆವು. ಊರೂರಿಗೂ ಒಂದು ನಾಮಘರ, ಅಂದರೆ ಪ್ರಾರ್ಥನೆಯ ಮನೆ, ಇದೆ. ಉದ್ದನೆಯ ಹಜಾರ, ಕೊನೆಯಲ್ಲಿ ಕೆತ್ತನೆಯ ಮರದ ಪೀಠ. ಅದರ ಮೇಲೆ ದೇವರಿಲ್ಲ, ಬಟ್ಟೆ ಹೊದಿಸಿದ ಪುಸ್ತಕ! ಶಂಕರದೇವರ ಪಂಥ ಅಂದರು ಅಷ್ಟೇ. ಗೊತ್ತಿದ್ದವರು ಸ್ವಲ್ಪ ವಿವರವಾಗಿ ಹೇಳ್ತೀರಾ?

ಜೋರ್ಹಾಟ್ ಕನ್ನಡಿಗ:
ನಾನಿರೋದು ಮಾಜುಲಿಯ ಆಚೆ ದಡದಲ್ಲೇ. ಪಕ್ಕದ ಮನೆಯವರ ಜೊತೆ ಆಗಾಗ ನಾಮಘರಕ್ಕೆ ಹೋಗುತ್ತೇನೆ. ನೀವು ನೋಡಿದ ಪೀಠ ಗುರು ಆಸನ, ಅದರ ಮೇಲಿರುವುದು ಭಾಗವತ. ಶಂಕರದೇವರು (1449–1568) ಹೇಳಿದ್ದು ಒಬ್ಬನೇ ವಿಷ್ಣುವಿಗೆ ಶರಣಾಗಿ, ಹೆಸರು ಹಾಡಿ ಅಂತ. ಬಲಿ ಬೇಡ, ಹತ್ತಾರು ದೇವರಿಗೆ ಹರಕೆ ಬೇಡ.

ಅವರ ಶಿಷ್ಯ ಮಾಧವದೇವರ ಕಥೆ ಕೇಳಿ. ಅವರು ಮೊದಲು ದೇವಿಯ ಭಕ್ತರು. ತಾಯಿಗೆ ಕಾಯಿಲೆ ಬಿದ್ದಾಗ ಆಡು ಬಲಿ ಕೊಡ್ತೀನಿ ಅಂತ ಹರಕೆ ಹೊತ್ತರು. ಆಡು ತಂದುಕೊಡಲು ಭಾವ ಒಪ್ಪಲಿಲ್ಲ. ಜಗಳ ಶಂಕರದೇವರ ಹತ್ತಿರ ಹೋಯಿತು, ಇದೇ ಮಾಜುಲಿಯಲ್ಲಿ. ಗಂಟೆಗಟ್ಟಲೆ ವಾದ. ಕೊನೆಗೆ ಶಂಕರದೇವರು ಭಾಗವತದ ಒಂದು ಶ್ಲೋಕ ಹೇಳಿದರು: ಬೇರಿಗೆ ನೀರು ಹಾಕಿದರೆ ಕೊಂಬೆ ರೆಂಬೆಗೆಲ್ಲ ತಲುಪುತ್ತದೆ, ಹಾಗೇ ವಿಷ್ಣುವನ್ನು ಪೂಜಿಸಿದರೆ ಎಲ್ಲ ದೇವರಿಗೂ ಸಲ್ಲುತ್ತದೆ. ಮಾಧವದೇವರು ಅಲ್ಲೇ ಕಾಲಿಗೆ ಬಿದ್ದರು. ನನಗೆ ಈ ಪಂಥದಲ್ಲಿ ತುಂಬಾ ಇಷ್ಟವಾಗುವುದು ಇದೇ. ಹೆದರಿಸಿ ಅಲ್ಲ, ಮಾತಾಡಿ ಒಪ್ಪಿಸಿದರು.

ಸುಲಭದ ದಾರಿಯೇನೂ ಆಗಿರಲಿಲ್ಲ. ಆಗ ಈ ಭಾಗ ಆಳುತ್ತಿದ್ದ ಅಹೋಮ್ ರಾಜ ಶಂಕರದೇವರ ಅಳಿಯನನ್ನೇ ಕೊಲ್ಲಿಸಿದ. ಅವರು ಪಶ್ಚಿಮಕ್ಕೆ, ಕೋಚ್ ರಾಜ್ಯಕ್ಕೆ ಹೋಗಬೇಕಾಯಿತು. ಅಲ್ಲಿ ನರನಾರಾಯಣ ರಾಜ ಆಶ್ರಯ ಕೊಟ್ಟ.

ಹರಿದಾಸಪ್ರಿಯೆ:
ನಮ್ಮ ಪುರಂದರದಾಸರ ಕಾಲವೂ ಅದೇ ಅಲ್ವಾ? ಅವರು ತೀರಿಕೊಂಡದ್ದು 1564ರಲ್ಲಿ. ಅಲ್ಲಿ ಜಾತಿ, ಹೆಂಗಸರ ವಿಷಯ ಹೇಗೆ?

ಜೋರ್ಹಾಟ್ ಕನ್ನಡಿಗ:
ಹೌದು ಮೇಡಂ, ಒಂದೇ ಕಾಲ. ಶಂಕರದೇವರು ಬ್ರಾಹ್ಮಣರಲ್ಲ, ಕಾಯಸ್ಥರು. ಶಿಷ್ಯರಲ್ಲಿ ಬುಡಕಟ್ಟಿನವರಿದ್ದರು, ಚಾಂದ್ ಖಾನ್ ಎಂಬ ಮುಸ್ಲಿಮರೂ ಇದ್ದರು. ಶಂಕರದೇವರ ಮೊಮ್ಮಗ ಚತುರ್ಭುಜ ಠಾಕೂರರು ತೀರಿಕೊಂಡ ಮೇಲೆ ಅವರ ಹೆಂಡತಿ ಕನಕಲತಾ ಸತ್ರ, ಅಂದರೆ ಮಠ, ನಡೆಸಿದರು. ಆದರೆ ಬರ್ಪೇಟಾ ಸತ್ರದ ಕೀರ್ತನಘರದೊಳಗೆ ಹೆಂಗಸರನ್ನು ಬಿಡದ ಪದ್ಧತಿ ಇದೆ. ಇದು ಹೋಗಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಎಲ್ಲ ಸತ್ರಗಳೂ ಒಂದೇ ಥರ ಇಲ್ಲ. ಮಾಜುಲಿಯ ಔನಿಆಟಿಯಲ್ಲಿ ಗೋವಿಂದನ ಮೂರ್ತಿಯೇ ಇದೆ.

ತುಂಗಾತೀರ:
ತುಂಬಾ ಥ್ಯಾಂಕ್ಸ್ ಸಾರ್. ಪ್ರಸಾದ ಅಂತ ನೆನೆಸಿದ ಕಡಲೆ, ಹೆಸರುಕಾಳು, ಶುಂಠಿ ಕೊಟ್ಟರು. ನಮ್ಮ ಕೋಸಂಬರಿ ಥರಾನೇ ಇತ್ತು! ಮತ್ತೆ ಹೋದರೆ ಏನು ನೋಡಲಿ?

ಜೋರ್ಹಾಟ್ ಕನ್ನಡಿಗ:
ಕಾರ್ತಿಕ ಹುಣ್ಣಿಮೆಗೆ ಬನ್ನಿ, ರಾಸ ಉತ್ಸವ. ಭಾಗವತದ ಕಥೆಗಳನ್ನು ನಾಟಕ ಮಾಡಿ ಆಡಿಸುವುದನ್ನು ಶುರು ಮಾಡಿದವರೇ ಶಂಕರದೇವರು, ಓದು ಬಾರದವರಿಗೂ ತಲುಪಲಿ ಅಂತ. ಸಾಮಗುರಿ ಸತ್ರದಲ್ಲಿ ಅದಕ್ಕೆ ಮುಖವಾಡ ಮಾಡುತ್ತಾರೆ. ಬಿದಿರಿನ ಹೆಣಿಗೆ, ಅದರ ಮೇಲೆ ಬಟ್ಟೆ, ಜೇಡಿಮಣ್ಣು, ಸಗಣಿ, ಆಮೇಲೆ ಬಣ್ಣ. ಕೇಳಿದರೆ ಕೂರಿಸಿ ತೋರಿಸುತ್ತಾರೆ. ನೀಮಾತಿ ಘಾಟ್‌ನಿಂದ ಬೆಳಗಿನ ದೋಣಿಗೇ ಹೊರಡಿ, ಹಬ್ಬದ ದಿನ ಜನ ಜಾಸ್ತಿ.