ಮಗಳ ಬುಧವಾರ

ಎಲ್ಲರಿಗೂ ನಮಸ್ಕಾರ. ಹದಿಹರೆಯದ ಮಕ್ಕಳಿರುವವರು ಸ್ವಲ್ಪ ಹೇಳಿ, ಇದು ನಮ್ಮ ಮನೆಯೊಂದರ ಕಥೆಯೋ, ಎಲ್ಲರ ಮನೆಯದೋ.

ನಾವಿರುವುದು ಅಮೆರಿಕದಲ್ಲಿ, ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. ಮಗಳಿಗೆ ಹದಿನಾರು, ಹನ್ನೊಂದನೇ ಕ್ಲಾಸು. ಎರಡು ವಾರದಿಂದ ಮನೆಗೆ ಬಂದವಳೇ ಬ್ಯಾಗು ಎಸೆದು ಒಂದೇ ರಾಗ: “ಅಪ್ಪಾ, ಮತ್ತೆ ಬುಧವಾರ!” ಡಿಬೇಟ್ ಕ್ಲಬ್ಬು ಬುಧವಾರ ಊಟದ ಬಿಡುವಿನಲ್ಲಿ. ಇಬ್ಬರು ಗೆಳತಿಯರ ಜೊತೆ ಸೇರಿ ಇವಳೇ ಹುಟ್ಟುಹಾಕಿದ ರಾಜಕೀಯ ಚರ್ಚೆಯ ಕ್ಲಬ್ಬೂ ಅದೇ ದಿನ, ಅದೇ ಬಿಡುವಿನಲ್ಲಿ. ಡಿಬೇಟ್ ಮೊದಲು ಗುರುವಾರ ಇತ್ತಂತೆ. ಅದರ ಹೊಣೆ ಹೊತ್ತ ಮೇಷ್ಟ್ರಿಗೆ ಗುರುವಾರ ಬೇರೆ ಕೆಲಸ ಬಿತ್ತು, ಬದಲಾಯಿಸಿದರು. ಮಕ್ಕಳನ್ನು ಯಾರೂ ಕೇಳಲಿಲ್ಲ. ಇವಳು ಅರ್ಜಿ ಬರೆದಳು. ಕ್ಲಬ್ಬುಗಳ ವೇಳಾಪಟ್ಟಿ ನೋಡಿಕೊಳ್ಳುವ ವಿದ್ಯಾರ್ಥಿ ಸಮಿತಿ ಸೇರುವುದು ಯಾವಾಗ ಗೊತ್ತೇ? ಬುಧವಾರ, ಊಟದ ಬಿಡುವಿನಲ್ಲಿ.

ಕೇಳಿ ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹೈಸ್ಕೂಲುಗಳು ಬೆಳಿಗ್ಗೆ 8:30ಕ್ಕಿಂತ ಮೊದಲು ಶುರುವಾಗುವಂತಿಲ್ಲ, ಹಳ್ಳಿಗಾಡಿನ ಕೆಲವನ್ನು ಬಿಟ್ಟರೆ. ಮಕ್ಕಳ ನಿದ್ದೆಗೆ ಒಳ್ಳೆಯದೇ. ಆದರೆ ಬೆಳಿಗ್ಗೆ ಕೊಟ್ಟದ್ದನ್ನು ಸಂಜೆ ಕಿತ್ತುಕೊಂಡ ಹಾಗಾಗಿದೆ. ಶಾಲೆ ಬಿಟ್ಟ ಕೂಡಲೇ ಆಟದವರು ಮೈದಾನಕ್ಕೆ ಓಡುತ್ತಾರೆ, ಉಳಿದವರು ಟ್ಯೂಷನ್ನಿಗೆ. ಹಾಗಾಗಿ ಎಲ್ಲ ಕ್ಲಬ್ಬೂ ಊಟದ ಆ ಅರ್ಧ ಗಂಟೆಯೊಳಗೇ ತುರುಕಿಕೊಳ್ಳಬೇಕು. ಶನಿವಾರ ಡಿಬೇಟ್ ಪಂದ್ಯ, ಭಾನುವಾರ ಕನ್ನಡ ತರಗತಿ. (ಕನ್ನಡ ತರಗತಿ ಬಿಡಿಸೋಣವೇ ಅಂತ ಹೆಂಡತಿ ಒಮ್ಮೆ ಕೇಳಿದಳು. ಅದು ಬೇರೆಯೇ ಮಹಾಭಾರತ, ಇಲ್ಲಿ ಬೇಡ.)

ನಾನು ಬರೆಯಲು ಕೂತದ್ದು ಇನ್ನೊಂದು ವಿಷಯಕ್ಕೆ. ಹೋದ ತಿಂಗಳು ಗೆಳೆಯರ ಮನೆ ಊಟದಲ್ಲಿ ನಾವು ಗಂಡಸರೆಲ್ಲ ಎಂದಿನಂತೆ ಭಾರತದ ರಾಜಕೀಯ ಹರಟುತ್ತಿದ್ದೆವು. ಇವಳು ನಡುವೆ ಬಂದು ಇಲ್ಲಿನ ವಲಸೆ ನೀತಿಯ ಬಗ್ಗೆ ಏನೋ ಹೇಳಹೊರಟಳು. ಒಬ್ಬರು, “ನಿನಗ್ಯಾಕಮ್ಮ ಇದೆಲ್ಲ, ಎಸ್‌ಎಟಿಗೆ ಓದ್ಕೋ” ಅಂದರು (ಕಾಲೇಜು ಪ್ರವೇಶದ ಪರೀಕ್ಷೆ ಅದು). ಅದಕ್ಕೆ ಇವಳು, “ಅಂಕಲ್, ಇಂಡಿಯಾದಲ್ಲಿ ನಿಮ್ಮಲ್ಲಿ ಎಷ್ಟು ಜನಕ್ಕೆ ಓಟಿದೆ?” ಅನ್ನಬೇಕೇ!

ಯಾರೂ ಮಾತಾಡಲಿಲ್ಲ. ಇಲ್ಲಿ ಸಿಟಿಜನ್ ಆದವರಿಗೆ ಅಲ್ಲಿನ ಓಟು ಹೋಯಿತು. ನಮ್ಮಂಥ ವೀಸಾದವರು ಪಟ್ಟಿಯಲ್ಲಿ ಹೆಸರು ಸೇರಿಸಬಹುದು, ಆದರೆ ವಿಮಾನ ಹತ್ತಿ ನಮ್ಮ ಮತಗಟ್ಟೆಗೇ ಹೋಗಿ ನಿಲ್ಲಬೇಕು. ಮೈಸೂರಿನಲ್ಲಿ ತಯಾರಾಗುವ ಆ ಶಾಯಿಯನ್ನು ನಾನು ಬೆರಳಿಗೆ ಕೊನೆಯ ಸಲ ಹಚ್ಚಿಸಿಕೊಂಡದ್ದು 2008ರ ಮೇ ತಿಂಗಳಲ್ಲಿ, ವಿಧಾನಸಭೆಗೆ. ಅದೇ ವರ್ಷ ಇಲ್ಲಿಗೆ ಬಂದೆ. ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಪರವಾನಗಿಯ ಸಾಲಿನಲ್ಲಿ ನಮ್ಮ ಸರದಿಯ ದಿನಾಂಕ 2014ರದು. ವರ್ಷಕ್ಕೆ ಕೊಡುವ ಕಾರ್ಡುಗಳಲ್ಲಿ ಒಂದೊಂದು ದೇಶದವರಿಗೆ ಶೇಕಡಾ 7ರ ಮಿತಿ ಇರುವುದರಿಂದ ಇನ್ನೂ ನಿಂತೇ ಇದ್ದೇವೆ. ಅಂದರೆ ಹದಿನೇಳು ವರ್ಷದಿಂದ ಎಲ್ಲೂ ಓಟು ಹಾಕದೆ ರಾಜಕೀಯ ಮಾತಾಡುತ್ತಿದ್ದೇನೆ. ಇಲ್ಲಿ ಹುಟ್ಟಿದ ಇವಳೇ ಮನೆಯ ಮೊದಲ ಮತದಾರಳು.

ಅವಳಿಗೋ ತಡೆಯುವಷ್ಟು ತಾಳ್ಮೆ ಇಲ್ಲ. ಈ ರಾಜ್ಯದಲ್ಲಿ ಹದಿನಾರಕ್ಕೇ ಮುಂಗಡ ನೋಂದಣಿ ಮಾಡಬಹುದು, ಹುಟ್ಟುಹಬ್ಬದ ದಿನವೇ ಮಾಡಿಕೊಂಡಳು. ಆದರೆ ನವೆಂಬರ್ 2026ಕ್ಕೆ ಅವಳಿಗೆ ಹದಿನೇಳು, ಓಟಿಲ್ಲ. ಉರಿಯುವ ಗಾಯಕ್ಕೆ ಉಪ್ಪು ಬೇರೆ: ಬರ್ಕ್ಲಿ, ಓಕ್ಲೆಂಡಿನ ಹದಿನಾರರ ಮಕ್ಕಳು 2024ರಿಂದ ಶಾಲಾ ಮಂಡಳಿ ಚುನಾವಣೆಗೆ ಓಟು ಹಾಕುತ್ತಿದ್ದಾರೆ. “ಅದೇ ಅಲಮೀಡಾ ಕೌಂಟಿ ಅಪ್ಪಾ! ಅವರು ಶಾಲಾ ಮಂಡಳಿ ಆರಿಸ್ತಾರೆ, ನಾನು ಕ್ಲಬ್ಬಿನ ದಿನ ಬದಲಾಯಿಸೋಕೂ ಆಗಲ್ಲ.” ಉತ್ತರ ಗೊತ್ತಿದ್ದರೆ ನೀವೇ ಕೊಡಿ. ಸದ್ಯಕ್ಕೆ ಜೂನಿನ ಪ್ರೈಮರಿಗೆ, ಅಂದರೆ ನವೆಂಬರಿಗೆ ಮುಂಚಿನ ಮೊದಲ ಸುತ್ತಿನ ಚುನಾವಣೆಗೆ, ಮತಕೇಂದ್ರದಲ್ಲಿ ಕೆಲಸ ಮಾಡಲು ಅರ್ಜಿ ಹಾಕಿದ್ದಾಳೆ. ಹದಿನಾರು ತುಂಬಿರಬೇಕು, ಅಂಕಗಳ ಸರಾಸರಿ (ಜಿಪಿಎ) 2.5 ಇರಬೇಕು, ಸಿಟಿಜನ್ ಇಲ್ಲವೇ ಗ್ರೀನ್ ಕಾರ್ಡಿನವರಾಗಿರಬೇಕು. ಅನುಮತಿ ಪತ್ರಕ್ಕೆ ಸಹಿ ಹಾಕಿದವನು ನಾನು, ಆ ಕೆಲಸಕ್ಕೆ ನಾನೇ ಅರ್ಹನಲ್ಲ.

ಇಷ್ಟಾದರೆ ನಗುತ್ತಾ ಇರುತ್ತಿದ್ದೆ. ಒಂದು ರಾತ್ರಿ ಪಾತ್ರೆ ತೊಳೆಯುವಾಗ ಪಕ್ಕ ಬಂದು ನಿಂತು ಕೇಳಿದಳು, “ನಾನು ಹದಿನಾರು ವರ್ಷ ತಡವಾಗಿ ಹುಟ್ಟಿದ್ದರೆ?” 2025ರ ಜನವರಿ 20ರಂದು ಅಧ್ಯಕ್ಷರು ಸಹಿ ಮಾಡಿದ ಆದೇಶದ ವಿಷಯ. ಅಪ್ಪ ಅಮ್ಮ ಇಬ್ಬರೂ ಕೆಲಸದ ವೀಸಾದಲ್ಲಿದ್ದರೆ ಮಗುವಿಗೆ ಹುಟ್ಟಿನಿಂದ ಪೌರತ್ವವಿಲ್ಲ ಎಂದಿತ್ತು ಅದು. ಹಿಂದೆ ಹುಟ್ಟಿದವರಿಗೆ ಅನ್ವಯಿಸುವುದಿಲ್ಲ, ಕೋರ್ಟುಗಳೂ ತಡೆದವು ಅಂತೆಲ್ಲ ಹೇಳಿದೆ. ನನಗಿಂತ ಹೆಚ್ಚು ಅವಳಿಗೇ ಗೊತ್ತಿತ್ತು. ನಮ್ಮ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ವಾಂಗ್ ಕಿಮ್ ಆರ್ಕ್ ಚೀನಾಕ್ಕೆ ಹೋಗಿ ವಾಪಸ್ ಬಂದಾಗ ಒಳಗೆ ಬಿಡಲಿಲ್ಲವಂತೆ, ಇಲ್ಲಿ ಹುಟ್ಟಿದ ನಾನು ಇಲ್ಲಿನ ಪೌರನೇ ಎಂದು ಹೋರಾಡಿ 1898ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದನಂತೆ. ಒಂದೊಂದೇ ಹೇಳುತ್ತಾ ತಟ್ಟೆ ಒರೆಸಿಟ್ಟಳು. ನಾನು ನಲ್ಲಿ ನಿಲ್ಲಿಸಲೂ ಮರೆತಿದ್ದೆ.

ಈಗ ಕೇಳಬೇಕಾದ್ದು. ಇಲ್ಲಿ ಆರನೇ ತರಗತಿಯಿಂದ ಮೇಲಿನ ಮಕ್ಕಳು ವರ್ಷಕ್ಕೆ ಒಂದು ದಿನ ನಾಗರಿಕ ಅಥವಾ ರಾಜಕೀಯ ಕಾರ್ಯಕ್ರಮಕ್ಕೆ ಶಾಲೆ ತಪ್ಪಿಸಬಹುದು, ಕಾನೂನೇ ಇದೆ. ಮುಂದಿನ ವಾರ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ವಿದ್ಯಾರ್ಥಿಗಳ ಸಭೆಗೆ ಹೋಗಬೇಕಂತೆ. ಹೆಂಡತಿ ಬೇಡ ಅನ್ನುತ್ತಾಳೆ: ಅವಳು ಸಿಟಿಜನ್ ಇರಬಹುದು, ವೀಸಾ ನವೀಕರಣ ಆಗಬೇಕಿರೋದು ನಮ್ಮದು. ಆ ಹೆದರಿಕೆ ಸುಳ್ಳು ಅನ್ನಲು ನನಗೆ ಧೈರ್ಯವಿಲ್ಲ. ಬೇಡ ಅನ್ನಲು ಬಾಯೂ ಬರುತ್ತಿಲ್ಲ.

ನಿಮ್ಮ ಮಕ್ಕಳನ್ನು ಕಳಿಸಿದ್ದೀರಾ? ಒಬ್ಬರನ್ನೇ ಕಳಿಸಿದಿರೋ, ಜೊತೆಗೆ ಹೋದಿರೋ? ಎಚ್-1ಬಿ ಕೆಲಸದ ವೀಸಾದಲ್ಲಿರುವವರು ಜೊತೆಗೆ ಹೋಗಿದ್ದರೆ ದಯವಿಟ್ಟು ಹೇಳಿ. ಶಾಲೆ ತಪ್ಪಿಸುವ ಚೀಟಿಗೆ ಸೋಮವಾರದೊಳಗೆ ಸಹಿ ಬೇಕಂತೆ.